ಪಾಸ್‌ವರ್ಡ್ ಸರಿ ಇದ್ದರೂ ಬೆಳಿಗ್ಗೆ ಲಾಗಿನ್ ಆಗುವುದಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ, ಕರಿಮೆಣಸು ಕೊಳ್ಳುವ ಸಣ್ಣ ಆಫೀಸು. ಒಂದು ವಿಂಡೋಸ್ ಸರ್ವರ್, ಏಳು ಕಂಪ್ಯೂಟರ್. ಎಲ್ಲರೂ ಸರ್ವರ್‌ನಲ್ಲಿರುವ ತಮ್ಮ ಹೆಸರು, ಪಾಸ್‌ವರ್ಡಿನಿಂದಲೇ ಲಾಗಿನ್ ಆಗುತ್ತೇವೆ. ಮಳೆಗಾಲ ಶುರುವಾದ ಮೇಲೆ ವಾರಕ್ಕೆ ಎರಡು ಸಲವಾದರೂ ಬೆಳಿಗ್ಗೆ ಲಾಗಿನ್ ಎರರ್ ಬರುತ್ತಿದೆ. ಒಂದು ದಿನ ಒಂದು ಕಂಪ್ಯೂಟರ್, ಇನ್ನೊಂದು ದಿನ ಮೂರು. ಪಾಸ್‌ವರ್ಡ್ ಎರಡು ಸಲ ಬದಲಾಯಿಸಿಯೂ ಆಯ್ತು. ಹನ್ನೊಂದು ಗಂಟೆ ಹೊತ್ತಿಗೆ ಕೆಲವು ತಾವಾಗೇ ಸರಿಹೋಗುತ್ತವೆ. ರಿಪೇರಿಯವರು ಎಲ್ಲಾ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಾರೆ. ಮಾಡಿಸಬೇಕಾ?

ಉತ್ತರ: ಬೇಡ. ಸದ್ಯಕ್ಕೆ ಪಾಸ್‌ವರ್ಡನ್ನೂ ಮುಟ್ಟಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ಮಾತು: ‘ಮಳೆಗಾಲ ಶುರುವಾದ ಮೇಲೆ’, ಮತ್ತೆ ‘ಬೆಳಿಗ್ಗೆ’. ಪಾಸ್‌ವರ್ಡಿಗೆ ಮಳೆಗಾಲ, ಬೇಸಿಗೆ ಗೊತ್ತಿಲ್ಲ. ಕರೆಂಟಿಗೆ ಚೆನ್ನಾಗಿ ಗೊತ್ತು. ಜೂನ್ ಬಂತು ಅಂದರೆ ನಮ್ಮ ಕಡೆ ತಂತಿ ಮೇಲೆ ಮರ ಬೀಳುವುದು, ರಾತ್ರಿಯೆಲ್ಲಾ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. ನಿಮ್ಮ ತೊಂದರೆ ಬರುವುದು ಕರೆಂಟ್ ಹೋಗಿ ಬಂದ ಮಾರನೇ ದಿನವೇ ಇರಬೇಕು. ಒಂದು ಸಲ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ನೋಡಿ.

ಹೌದು ಅಂತಾದರೆ, ಮುಂದಿನ ಸಲ ಎರರ್ ಬಂದ ಕೂಡಲೇ ರೀಸ್ಟಾರ್ಟ್ ಮಾಡಬೇಡಿ. ಲಾಗಿನ್ ಪರದೆ ಮೇಲೆ ದೊಡ್ಡದಾಗಿ ಕಾಣುವ ಗಡಿಯಾರ ನೋಡಿ, ತಾರೀಖನ್ನೂ ನೋಡಿ. ಕೈಯಲ್ಲಿರುವ ಫೋನಿನ ಜೊತೆ ಹೋಲಿಸಿ. ಐದು ನಿಮಿಷಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಗಡಿಯಾರಕ್ಕೂ ಲಾಗಿನ್‌ಗೂ ಏನು ಸಂಬಂಧ ಅಂತ ಕೇಳಬಹುದು. ಸರ್ವರ್ ಇರುವ ಆಫೀಸಿನಲ್ಲಿ ವಿಂಡೋಸ್ ಲಾಗಿನ್ ನಡೆಯುವುದು ಕರ್ಬರೋಸ್ ಅನ್ನುವ ಪದ್ಧತಿಯಲ್ಲಿ. ವಿಂಡೋಸ್ 2000 ಬಂದಾಗಿನಿಂದ ಹೀಗೇ. ಇದರಲ್ಲಿ ನಿಮ್ಮ ಪಾಸ್‌ವರ್ಡ್ ತಂತಿ ಮೇಲೆ ಓಡಾಡುವುದಿಲ್ಲ. ಸರ್ವರ್ ಒಂದು ಚೀಟಿ ಬರೆದುಕೊಡುತ್ತದೆ, ಅದನ್ನು ತೋರಿಸಿಕೊಂಡು ಫೋಲ್ಡರು, ಪ್ರಿಂಟರು ಎಲ್ಲಾ ಕಡೆ ಹೋಗಬೇಕು. ಯಾರಾದರೂ ಹಳೇ ಚೀಟಿ ಕದ್ದು ನಾಳೆ ತೋರಿಸಿದರೆ? ಅದಕ್ಕೇ ಪ್ರತಿ ಮಾತಿಗೂ ಗಂಟೆ ನಿಮಿಷದ ಮೊಹರು ಬೀಳುತ್ತದೆ. ಎರಡು ಕಡೆಯ ಗಡಿಯಾರ 5 ನಿಮಿಷದ ಒಳಗೆ ಹೊಂದಬೇಕು ಅನ್ನುವುದು ವಿಂಡೋಸ್ ಇಟ್ಟಿರುವ ಲೆಕ್ಕ. ಆಚೆ ಹೋದರೆ ಪಾಸ್‌ವರ್ಡ್ ಎಷ್ಟೇ ಸರಿ ಇದ್ದರೂ ಸರ್ವರ್ ತಕರಾರು ತೆಗೆಯುತ್ತದೆ. ಕೆಲವು ಸಲ ಟೈಮ್ ಸರಿ ಇಲ್ಲ ಅಂತ ಬಾಯಿಬಿಟ್ಟು ಹೇಳುತ್ತದೆ, ಕೆಲವು ಸಲ ಬೇರೆ ಏನೋ ಹೇಳಿ ದಾರಿ ತಪ್ಪಿಸುತ್ತದೆ.

ನಾನೇ ಹೀಗೆ ದಾರಿ ತಪ್ಪಿದ್ದೆ. ವಿರಾಜಪೇಟೆ ಕಡೆ ಒಂದು ಆಫೀಸಿನಲ್ಲಿ ಇಡೀ ಮಧ್ಯಾಹ್ನ ಕೂತು ಪಾಸ್‌ವರ್ಡ್ ಮೂರು ಸಲ ಬದಲಾಯಿಸಿದೆ, ನೆಟ್‌ವರ್ಕ್ ಕೇಬಲ್ ಬದಲಾಯಿಸಿದೆ, ಎಲ್ಲಾ ಕೇಬಲ್ ಬಂದು ಸೇರುವ ಸ್ವಿಚ್ ಪೆಟ್ಟಿಗೆಯನ್ನು ಅನುಮಾನಿಸಿದೆ. ಅಷ್ಟರಲ್ಲಿ ಲೆಕ್ಕ ಬರೆಯುವ ಅಕ್ಕ ಲೋಕಲ್ ಯೂಸರ್‌ನಲ್ಲಿ, ಅಂದರೆ ಸರ್ವರ್‌ನದಲ್ಲದ, ಆ ಕಂಪ್ಯೂಟರಿನದೇ ಹೆಸರಿನಲ್ಲಿ, ಒಳಗೆ ಹೋಗಿ ಒಂದು ಬಿಲ್ ಪ್ರಿಂಟ್ ಕೊಟ್ಟರು. ಕಾಗದ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, “ಸಾರ್, ಇದ್ರಲ್ಲಿ 2015ನೇ ಇಸವಿ ಯಾಕೆ ಬರ್ತಿದೆ?” ಅಲ್ಲಿಗೆ ನನ್ನ ಪತ್ತೇದಾರಿ ಮುಗಿಯಿತು.

ಗಡಿಯಾರ ಹಿಂದೆ ಓಡುವುದು ಒಂದು ಚಿಕ್ಕ ಬ್ಯಾಟರಿ ಬಿಲ್ಲೆಯಿಂದ. ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗೆ ಕೂತಿರುತ್ತದೆ, ಸಿಆರ್2032 ಅಂತ ಅದರ ಮೇಲೇ ಬರೆದಿರುತ್ತದೆ, 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಇಲ್ಲಿ ನಮ್ಮೂರಿನ ಒಂದು ವಿಚಿತ್ರ ಇದೆ. ಕಂಪ್ಯೂಟರ್ ಶಟ್ ಡೌನ್ ಆಗಿದ್ದರೂ ಪ್ಲಗ್ಗಿನಲ್ಲಿ ಕರೆಂಟ್ ಇದ್ದರೆ ಗಡಿಯಾರಕ್ಕೆ ಅಲ್ಲಿಂದಲೇ ಸ್ವಲ್ಪ ಸಿಗುತ್ತದೆ, ಬಿಲ್ಲೆ ಉಳಿಯುತ್ತದೆ. ನಾವೋ, ಸಂಜೆ ಗುಡುಗು ಕೇಳಿದರೆ ಸಾಕು, ಎಲ್ಲಾ ಪ್ಲಗ್ ಕಿತ್ತು ಮನೆಗೆ ಹೋಗುವವರು. ಕೀಳಲೇಬೇಕು, ಸಿಡಿಲು ಬಡಿದು ಎಷ್ಟು ರೂಟರ್ ಸತ್ತಿಲ್ಲ! ಆದರೆ ಹಾಗೆ ಕಿತ್ತ ಪ್ರತಿ ರಾತ್ರಿಯೂ ಗಡಿಯಾರ ಪೂರ್ತಿ ಬಿಲ್ಲೆಯನ್ನೇ ತಿನ್ನುತ್ತದೆ. ಬೇರೆ ಊರಿನಲ್ಲಿ ಹೆಚ್ಚು ವರ್ಷ ಬಾಳುವ ಬಿಲ್ಲೆ ಇಲ್ಲಿ ಬೇಗ ಖಾಲಿ. ಪ್ಲಗ್ ಕೀಳುವುದನ್ನು ಬಿಡಬೇಡಿ, ಬಿಲ್ಲೆ ಬದಲಾಯಿಸುತ್ತಾ ಇರಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಒಂದು ಊಟದ ದುಡ್ಡೂ ಆಗುವುದಿಲ್ಲ.

ಬದಲಾಯಿಸುವುದು ಕಷ್ಟವಲ್ಲ. ಮೊದಲು ಕಂಪ್ಯೂಟರ್ ಆನ್ ಮಾಡುವಾಗ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಬಯೋಸ್ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪುಟ) ಒಳಗೆ ಹೋಗಿ, ಅಲ್ಲಿರುವ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲೆ ತೆಗೆದಾಗ ಆ ಸೆಟ್ಟಿಂಗ್ ಅಳಿಸಿಹೋಗಬಹುದು, ಆಮೇಲೆ ವಿಂಡೋಸ್ ಏಳದಿದ್ದರೆ ಫೋಟೋ ಬೇಕಾಗುತ್ತದೆ. ನಂತರ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಕ್ಯಾಬಿನೆಟ್ ಮುಚ್ಚಳ ತೆಗೆಯಿರಿ. ಒಳಗೆ ಹಲ್ಲಿ ಮೊಟ್ಟೆ ಕಂಡರೆ ಗಾಬರಿ ಬೇಡ, ನನಗೆ ಎರಡಕ್ಕೊಂದು ಪೆಟ್ಟಿಗೆಯಲ್ಲಿ ಸಿಗುತ್ತದೆ. ಬಿಲ್ಲೆಯ ಪಕ್ಕದ ಸಣ್ಣ ಕ್ಲಿಪ್ಪನ್ನು ಉಗುರಿನಿಂದ ಹಿಂದೆ ಸರಿಸಿದರೆ ಅದೇ ಮೇಲೆ ಹಾರುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಒತ್ತಿ. ಮತ್ತೆ ಬಯೋಸ್‌ಗೆ ಹೋಗಿ ತಾರೀಖು, ಟೈಮ್ ಸರಿಮಾಡಿ. ಲ್ಯಾಪ್‌ಟಾಪ್ ಆದರೆ ನೀವೇ ಬಿಚ್ಚಬೇಡಿ.

ಹಾಗಾದರೆ ಹನ್ನೊಂದು ಗಂಟೆಗೆ ತಾವಾಗೇ ಸರಿಹೋಗುವುದು ಹೇಗೆ? ಸರ್ವರ್‌ಗೆ ಸೇರಿದ ಕಂಪ್ಯೂಟರ್‌ಗಳು ಟೈಮನ್ನು ಸರ್ವರ್‌ನಿಂದಲೇ ಕೇಳಿ ಪಡೆಯುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಗಡಿಯಾರ ಹೊಂದಿಕೊಳ್ಳುತ್ತದೆ, ಲಾಗಿನ್ ಆಗುತ್ತದೆ. ಯಾರೋ ಆಗ ತಾನೇ ಪಾಸ್‌ವರ್ಡ್ ಬದಲಾಯಿಸಿದ್ದರೆ ಅದರಿಂದಲೇ ಸರಿಹೋಯಿತು ಅಂದುಕೊಳ್ಳುತ್ತಾರೆ, ಪಾಪ.

ಸರ್ವರ್‌ನ ಬಿಲ್ಲೆಯೇ ಸತ್ತಿದ್ದರೆ ಮಾತ್ರ ಕತೆ ಬೇರೆ. ಆಗ ಏಳೂ ಕಂಪ್ಯೂಟರ್ ಪೇಚಾಡುತ್ತವೆ. ಸರ್ವರ್ ಇಂಟರ್ನೆಟ್ಟಿನಿಂದ ಟೈಮ್ ತಿದ್ದಿಕೊಳ್ಳುವ ಹಾಗೆ ಇಟ್ಟಿದ್ದರೂ, ವ್ಯತ್ಯಾಸ 48 ಗಂಟೆಗಿಂತ ಜಾಸ್ತಿ ಇದ್ದರೆ ತಾನಾಗಿ ತಿದ್ದಿಕೊಳ್ಳುವುದಿಲ್ಲ. ನೀವೇ ಕೈಯಿಂದ ಸರಿಮಾಡಬೇಕು. ಆದ್ದರಿಂದ ಮೊದಲ ಹೊಸ ಬಿಲ್ಲೆ ಸರ್ವರ್‌ಗೆ.

ಇನ್ನೊಂದು ಕಳ್ಳ ಗಡಿಯಾರ ಇದೆ. ನೋಡಲು ಸರಿಯಾಗಿರುತ್ತದೆ, ಒಳಗೆ ತಪ್ಪಿರುತ್ತದೆ. ಹೊಸದಾಗಿ ಹಾಕಿದ ವಿಂಡೋಸ್ ಎಷ್ಟೋ ಸಲ ಅಮೆರಿಕದ ಪೆಸಿಫಿಕ್ ಟೈಮ್ ಝೋನ್‌ನಲ್ಲಿರುತ್ತದೆ. ಯಾರೋ ಝೋನ್ ಬದಲಾಯಿಸದೆ ಸುಮ್ನೆ ಗಂಟೆಯನ್ನಷ್ಟೇ ತಿರುಗಿಸಿ ಇಟ್ಟಿರುತ್ತಾರೆ. ಕರ್ಬರೋಸ್ ಲೆಕ್ಕ ಹಾಕುವುದು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಟೈಮಿನಲ್ಲಿ, ಅಲ್ಲಿ ಹನ್ನೆರಡು ಗಂಟೆಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಡೇಟ್ ಅಂಡ್ ಟೈಮ್ ಸೆಟ್ಟಿಂಗ್‌ನಲ್ಲಿ ಯುಟಿಸಿ+5:30 ಇದೆಯಾ ನೋಡಿ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಅನ್ನುವವರಿಗೆ ಇದನ್ನೂ ಹೇಳಿ: ಫಾರ್ಮ್ಯಾಟ್ ಆದ ಮೇಲೆ ಶುರುವಾಗುವ ತೊಂದರೆ ಇದು.

ಗಡಿಯಾರ ಸರಿಯಾಗೇ ಇತ್ತು ಅಂತಾದರೆ? ಆಗ ರೂಟರ್ ಕಡೆ ತಿರುಗಿ. ಈ ವರ್ಷ ಸಿಡಿಲಿಗೆ ರೂಟರ್ ಹೋಗಿ ಹೊಸದು ಹಾಕಿಸಿದ್ದೀರಾ? ಆಫೀಸಿನ ಕಂಪ್ಯೂಟರ್‌ಗಳು ‘ಸರ್ವರ್ ಎಲ್ಲಿದೆ’ ಅಂತ ಡಿಎನ್‌ಎಸ್ ಅನ್ನು (ಹೆಸರು ಹೇಳಿದರೆ ವಿಳಾಸ ಕೊಡುವ ವ್ಯವಸ್ಥೆ) ಕೇಳಬೇಕು, ಆ ಡಿಎನ್‌ಎಸ್ ನಿಮ್ಮ ಸರ್ವರ್‌ನದೇ ಆಗಿರಬೇಕು. ಹೊಸ ರೂಟರ್ ಡಿಎನ್‌ಎಸ್ ಅಂತ ತನ್ನದೇ ವಿಳಾಸ ಹಂಚಿದರೆ ಇಂಟರ್ನೆಟ್ ಚೆನ್ನಾಗಿ ಓಡುತ್ತದೆ, ಲಾಗಿನ್ ಮಾತ್ರ ಆಗುವುದಿಲ್ಲ. ಡಿಎನ್‌ಎಸ್‌ನ ಎರಡನೇ ಸಾಲಿನಲ್ಲಿ ಗೂಗಲ್‌ನ 8.8.8.8 ಹಾಕಿಡುವವರೂ ಇದ್ದಾರೆ. ಅದೂ ಬೇಡ. ಒಂದು ಸಲ ಸರ್ವರ್ ತಡವಾಗಿ ಎದ್ದರೆ ಕಂಪ್ಯೂಟರ್ ಎರಡನೆಯದಕ್ಕೆ ಹಾರಿ ಸ್ವಲ್ಪ ಹೊತ್ತು ಅಲ್ಲೇ ಕೂತುಬಿಡುತ್ತದೆ. ಗೂಗಲ್‌ಗೆ ನಿಮ್ಮ ಮೆಣಸಿನ ಆಫೀಸಿನ ಸರ್ವರ್ ಎಲ್ಲಿ ಗೊತ್ತು?

ಕರೆಂಟ್ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಆನ್ ಮಾಡುವುದೂ ಇದೇ ಸಾಲಿಗೆ ಸೇರುತ್ತದೆ. ರೂಟರ್, ಸ್ವಿಚ್ ಮೊದಲು, ಆಮೇಲೆ ಸರ್ವರ್. ಅದು ಪೂರ್ತಿ ಎದ್ದ ಮೇಲೆ ಉಳಿದವು. ಅಷ್ಟರಲ್ಲಿ ಒಂದು ಕಾಫಿ ಆಗುತ್ತದೆ. ಸರ್ವರ್ ಸಿಗದಿದ್ದಾಗ ಕಂಪ್ಯೂಟರ್ ನೆನಪಿನಲ್ಲಿರುವ ಹಳೇ ಪಾಸ್‌ವರ್ಡಿನ ಜೊತೆ ಹೋಲಿಸುತ್ತದೆ. ಬೇರೆ ಕಂಪ್ಯೂಟರ್‌ನಲ್ಲಿ ಕೂತು ನಿನ್ನೆ ಬದಲಾಯಿಸಿದ ಹೊಸದು ಅದಕ್ಕೆ ಗೊತ್ತೇ ಇರುವುದಿಲ್ಲ. ನೀವು ಎರಡು ಸಲ ಪಾಸ್‌ವರ್ಡ್ ಬದಲಾಯಿಸಿ ಗೊಂದಲ ಜಾಸ್ತಿ ಮಾಡಿಕೊಂಡಿದ್ದೂ ಇಲ್ಲೇ ಇರಬಹುದು. ಯಾರಾದರೂ ಹಳೇ ಪಾಸ್‌ವರ್ಡನ್ನು ಸೇವ್ ಮಾಡಿಟ್ಟಿದ್ದರೆ ಆ ಕಂಪ್ಯೂಟರ್ ಅದನ್ನೇ ಮತ್ತೆ ಮತ್ತೆ ಕಳುಹಿಸಿ ಅಕೌಂಟ್ ಲಾಕ್ ಮಾಡಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಅಂಥವನ್ನು ಅಳಿಸಿ. ಲಾಕ್ ಮಾಡಿಸಿದ್ದು ಯಾವ ಕಂಪ್ಯೂಟರ್ ಅಂತ ಸರ್ವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4740 ನಂಬರಿನ ಸಾಲು ಹೇಳುತ್ತದೆ.

ನಿಮ್ಮ ಯುಪಿಎಸ್‌ಗೆ ಏನೇನು ಹಾಕಿದ್ದೀರಿ ಅಂತಲೂ ನೋಡಿ. ನಾನು ಹೋದ ಕಡೆಯೆಲ್ಲಾ ಯಜಮಾನರ ಮಾನಿಟರು, ಫೋನ್ ಚಾರ್ಜರು ಅದರಲ್ಲಿರುತ್ತವೆ, ಸರ್ವರ್ ಮತ್ತು ಸ್ವಿಚ್ ಗೋಡೆಯ ಪ್ಲಗ್ಗಿನಲ್ಲಿ.

ಇಷ್ಟಾದ ಮೇಲೂ ಒಂದೇ ಒಂದು ಕಂಪ್ಯೂಟರ್ ಹಟ ಹಿಡಿದರೆ, ಎರರ್‌ನಲ್ಲಿ ‘ಟ್ರಸ್ಟ್ ರಿಲೇಶನ್‌ಶಿಪ್’ ಅನ್ನುವ ಮಾತು ಬಂದರೆ, ಅದನ್ನು ಡೊಮೈನ್‌ನಿಂದ, ಅಂದರೆ ಸರ್ವರ್‌ಗೆ ಸೇರಿದ ಗುಂಪಿನಿಂದ, ತೆಗೆದು ಮತ್ತೆ ಸೇರಿಸಬೇಕು. ತೆಗೆಯುವ ಮೊದಲು ಆ ಕಂಪ್ಯೂಟರ್‌ನ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಯಾರಿಗೆ ಗೊತ್ತು ಅಂತ ಕೇಳಿಕೊಳ್ಳಿ. ಯಾರಿಗೂ ಗೊತ್ತಿಲ್ಲ ಅಂದರೆ ಅಲ್ಲಿಗೇ ಕೈಬಿಡಿ, ಇಲ್ಲದಿದ್ದರೆ ನೀವೇ ಹೊರಗೆ ನಿಂತು ಬಾಗಿಲು ಹಾಕಿಕೊಂಡ ಹಾಗಾಗುತ್ತದೆ.