ಕೇಳುಗರು ಬಂದು ಕೂತರೆ ದನಿ ಸೊರಗುವುದೇಕೆ?

ಪ್ರಶ್ನೆ: ನಾವು ವಾಸ್ತುಶಿಲ್ಪದ ವಿದ್ಯಾರ್ಥಿಗಳು. ಹಾಡುವುದಕ್ಕೆಂದೇ ಪ್ಲೈವುಡ್ಡಿನ ಪುಟ್ಟ ಕೋಣೆಯೊಂದನ್ನು ನಾವೇ ಕಟ್ಟಿದ್ದೇವೆ. ಖಾಲಿ ಇರುವಾಗ ದನಿ ತುಂಬಿಕೊಂಡು ಬರುತ್ತದೆ. ಹತ್ತು ಹನ್ನೆರಡು ಜನ ಬಂದು ಕೂತರೆ ಸೊರಗುತ್ತದೆ. ಎಲ್ಲಿ ಎಡವಿದೆವು?

ಉತ್ತರ: ಎಡವಿದ್ದು ಕಟ್ಟುವಾಗಲ್ಲ, ಖಾಲಿ ಕೋಣೆಯಲ್ಲಿ ಹಾಡಿ ನೋಡಿ ಸಂತೋಷಪಟ್ಟಾಗ. ನಿಮ್ಮ ದನಿಯನ್ನು ನುಂಗುತ್ತಿರುವವರು ಕೇಳುಗರೇ, ಅವರ ಬಟ್ಟೆಬರೆಯೂ ಸೇರಿ.

ಹಾಡು ನಿಂತ ಮೇಲೂ ದನಿ ಗೋಡೆಯಿಂದ ಗೋಡೆಗೆ ಬಡಿದು ಸವೆಯುತ್ತಾ ಸ್ವಲ್ಪ ಹೊತ್ತು ಉಳಿಯುತ್ತದೆ. ಇದೇ ಅನುರಣನ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಇದು ಐದು ಸೆಕೆಂಡಿಗೂ ಮೀರಿ, ಆಡಿದ ಮಾತೇ ತಿಳಿಯದಂತಾಗಿತ್ತು. ಅದನ್ನು ಸರಿಪಡಿಸುವ ಕೆಲಸ ಭೌತಶಾಸ್ತ್ರದ ಯುವ ಅಧ್ಯಾಪಕ ವಾಲೇಸ್ ಸಬೀನ್ ಪಾಲಿಗೆ ಬಂತು. ಅವರು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿಸಿ, ದನಿ ಅಡಗುವ ಹೊತ್ತನ್ನು ಅಳೆದರು. ತಾವು ತೊಟ್ಟ ಬಟ್ಟೆಯೂ ಲೆಕ್ಕ ಕೆಡಿಸುತ್ತದೆಂದು ಕಂಡಾಗ, ಹಳೆಯ ಅಳತೆಗಳನ್ನು ಬದಿಗಿಟ್ಟು ಒಂದೇ ಬಗೆಯ ಉಡುಪಿನಲ್ಲಿ ಮತ್ತೆ ಅಳೆದರು. ಇಂಥ ಹಟಮಾರಿತನ ನನಗೆ ಬಹಳ ಇಷ್ಟ.

ಅವರ ಸೂತ್ರ ಸರಳ: ಘನ ಮೀಟರ್‌ಗಳಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ, ಅಂದರೆ ಗೋಡೆ, ಜನ ಎಲ್ಲ ಸೇರಿ ದನಿಯನ್ನು ನುಂಗುವ ಪ್ರಮಾಣದಿಂದ, ಭಾಗಿಸಿದರೆ ಅನುರಣನ ಎಷ್ಟು ಸೆಕೆಂಡೆಂದು ಸಿಗುತ್ತದೆ. ನಿಮ್ಮ ಕೋಣೆ 4 ಮೀಟರ್ ಉದ್ದ, 4 ಅಗಲ, 3 ಎತ್ತರ ಎಂದುಕೊಳ್ಳೋಣ. ಒಳಮೈ 80 ಚದರ ಮೀಟರ್. ಅದು ತಾಗಿದ ದನಿಯಲ್ಲಿ ಹತ್ತರಲ್ಲೊಂದು ಪಾಲನ್ನು ಹೀರಿದರೆ ಒಟ್ಟು ಹೀರಿಕೆ 8, ಅನುರಣನ ಒಂದು ಸೆಕೆಂಡಿನ ಹತ್ತಿರ. ಒಬ್ಬ ಕೇಳುಗನಿಂದ ಹೀರಿಕೆಗೆ ಸುಮಾರು 0.5 ಸೇರಿದರೂ ಹನ್ನೆರಡು ಜನ ಅದನ್ನು 14ಕ್ಕೆ ಏರಿಸುತ್ತಾರೆ. ಅನುರಣನ 0.55ಕ್ಕೆ ಕುಸಿಯುತ್ತದೆ. ಮಾತಿಗೆ ಇದು ಹಿತ, ಹಾಡಿಗೆ ಬಡತನ.

ಜನರನ್ನು ಹೊರಗೆ ಕಳಿಸಲಾಗದು, ಸೂರನ್ನು ಎತ್ತರಿಸಬಹುದು. ಎತ್ತರ 6 ಮೀಟರಾದರೆ ಅದೇ ಹನ್ನೆರಡು ಜನರಿದ್ದರೂ 0.8 ಸೆಕೆಂಡ್ ಉಳಿಯುತ್ತದೆ. ಜೊತೆಗೆ ಪ್ಲೈವುಡ್ಡಿನ ದಪ್ಪವನ್ನೂ ನೋಡಿ. ಹಿಂದೆ ಟೊಳ್ಳಿರುವ ತೆಳು ಹಲಗೆ ತಾನೇ ಅದುರಿ ಮಂದ್ರ ಸ್ವರಗಳನ್ನು ತಿಂದುಹಾಕುತ್ತದೆ. ಎರಡು ಮೂರು ಪದರ ಒತ್ತಾಗಿ ಜಡಿದರೆ ಗೋಡೆ ಗಟ್ಟಿಯಾಗುತ್ತದೆ. ಚಪ್ಪಾಳೆ ತಟ್ಟಿದಾಗ ಝರ್ರೆಂದು ಸದ್ದು ಬಂದರೆ ಅದು ಎದುರುಬದುರು ಗೋಡೆಗಳ ಚೇಷ್ಟೆ. ಒಂದನ್ನು ತುಸು ಓರೆ ಮಾಡಿ.

ಮುಂದಿನ ಸಲ ಪರೀಕ್ಷಿಸುವಾಗ ಹನ್ನೆರಡು ಕುರ್ಚಿಗಳ ಮೇಲೆ ದಪ್ಪ ಕಂಬಳಿ ಹೊದಿಸಿಟ್ಟು ಹಾಡಿ.