ಎಲ್‌ಇಡಿಯ ಏರಿಳಿತವನ್ನು ಚಿಪ್‌ಗೇ ಬಿಡುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಬೋರ್ಡ್‌ನಲ್ಲಿರುವ ಚಿಪ್ ಎಲ್‌ಇಡಿಯನ್ನು ನಿಧಾನವಾಗಿ ಬೆಳಗಿಸಿ, ನಿಧಾನವಾಗಿ ಆರಿಸುವ ಕೆಲಸವನ್ನು ತಾನೇ ಮಾಡುತ್ತದೆ ಎಂದು ಡೇಟಾಶೀಟ್ ಹೇಳುತ್ತದೆ. ಲಿನಕ್ಸ್ ಡ್ರೈವರ್‌ನಲ್ಲಿ (ಚಿಪ್ ನಡೆಸುವ ಸಾಫ್ಟ್‌ವೇರ್‌ನಲ್ಲಿ) ಇದಕ್ಕೆ ಜಾಗ ಎಲ್ಲಿ? ಪಿಡಬ್ಲ್ಯೂಎಂ ಸಬ್‌ಸಿಸ್ಟಮ್‌ನಲ್ಲಿ ಹುಡುಕಿದರೆ ಸಿಗಲಿಲ್ಲ.

ಉತ್ತರ: ಸಿಗದೇ ಇರುವುದಕ್ಕೆ ಕಾರಣ ಇದೆ. ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್) ಅಂದರೆ ಸಿಗ್ನಲನ್ನು ಬಹಳ ವೇಗವಾಗಿ ಆನ್-ಆಫ್ ಮಾಡುವುದು. ಒಂದು ಸುತ್ತಿನಲ್ಲಿ 30% ಹೊತ್ತು ಆನ್ ಇದ್ದರೆ ಎಲ್‌ಇಡಿ ಮಂದವಾಗಿ ಕಾಣುತ್ತದೆ, 90% ಇದ್ದರೆ ಪ್ರಖರವಾಗಿ. ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಪಿಡಬ್ಲ್ಯೂಎಂ ಸಬ್‌ಸಿಸ್ಟಮ್ (ಅದನ್ನು ನೋಡಿಕೊಳ್ಳುವ ವಿಭಾಗ) ಕೇಳುವುದು ಮುಖ್ಯವಾಗಿ ಇಷ್ಟೇ: ಸುತ್ತಿನ ಅವಧಿ ಎಷ್ಟು ನ್ಯಾನೋಸೆಕೆಂಡ್, ಅದರಲ್ಲಿ ಆನ್ ಇರುವ ಕಾಲ ಎಷ್ಟು, ಪೊಲಾರಿಟಿ (ಸಿಗ್ನಲ್ ನೇರವೋ ತಲೆಕೆಳಗೋ) ಯಾವುದು, ಚಾಲೂ ಇರಬೇಕೋ ಬೇಡವೋ. ಒಮ್ಮೆ ಹೇಳಿದರೆ, ಮತ್ತೆ ಹೇಳುವವರೆಗೂ ಅದೇ ಅಲೆ. ಫ್ಯಾನ್‌ಗೆ, ಮೋಟಾರ್‌ಗೆ, ಪರದೆಯ ಬ್ಯಾಕ್‌ಲೈಟ್‌ಗೆ ಇದು ಸಾಕು. ಆನ್ ಕಾಲವೇ ಹೊತ್ತುಹೊತ್ತಿಗೆ ಬದಲಾಗುತ್ತಾ ಹೋಗುವ ಪ್ಯಾಟರ್ನ್ ಬೇಕಾಗುವುದು ಹೆಚ್ಚಾಗಿ ಎಲ್‌ಇಡಿಗೆ. ಹಾಗಾಗಿ ಅದರ ಜಾಗ ಎಲ್‌ಇಡಿ ಸಬ್‌ಸಿಸ್ಟಮ್.

ಇದನ್ನು ಚಿಪ್‌ಗೆ ಬಿಡುವ ತಲೆನೋವು ಯಾಕೆ, ಸಾಫ್ಟ್‌ವೇರ್‌ನಲ್ಲೇ ಮಾಡಬಹುದಲ್ವಾ? ಮಾಡಬಹುದು. ಎಲ್‌ಇಡಿಯನ್ನು ಕೊಟ್ಟ ಪ್ಯಾಟರ್ನ್‌ನಂತೆ ನಡೆಸಲು ಕರ್ನಲ್‌ನಲ್ಲಿ ಪ್ಯಾಟರ್ನ್ ಟ್ರಿಗರ್ ಎಂಬ ಭಾಗ ಇದೆ. ಅದು ಮಾಮೂಲಿ ಟೈಮರ್ ಇಟ್ಟುಕೊಂಡು, ಬೆಳಕು ಏರುವಾಗ ಮತ್ತು ಇಳಿಯುವಾಗ ಪ್ರತಿ 50 ಮಿಲಿಸೆಕೆಂಡಿಗೆ ಒಮ್ಮೆ ಬೆಲೆ ಬದಲಿಸುತ್ತದೆ. ಅಂದರೆ ಸೆಕೆಂಡಿಗೆ 20 ಸಲ ಸಿಪಿಯು ಏಳಬೇಕು. ಕರೆಂಟಿನ ಮೇಲೆ ಓಡುವ ರೂಟರ್‌ಗೆ ಇದು ಲೆಕ್ಕಕ್ಕಿಲ್ಲ. ಫೋನಿನ ಕಥೆ ಬೇರೆ. ಅಲ್ಲಿ ನೋಟಿಫಿಕೇಶನ್ ದೀಪ ಮಿನುಗಬೇಕಾದದ್ದೇ ಫೋನ್ ಮಲಗಿರುವಾಗ. ಸಿಸ್ಟಮ್ ಸಸ್ಪೆಂಡ್ ಆದರೆ ಟೈಮರ್ ನಿಲ್ಲುತ್ತದೆ, ಪ್ಯಾಟರ್ನೂ ನಿಲ್ಲುತ್ತದೆ. ಚಿಪ್ ತಾನೇ ಪ್ಯಾಟರ್ನ್ ನಡೆಸಿದರೆ ಸಿಪಿಯು ನಿಶ್ಚಿಂತೆಯಿಂದ ಮಲಗಬಹುದು.

ಈ ಬೇಡಿಕೆ ಹೊಸದಲ್ಲ. 2009ರ ನೋಕಿಯಾ ಎನ್900 ಫೋನಿನಲ್ಲಿ ಎಲ್‌ಪಿ5523 ಎಂಬ ಎಲ್‌ಇಡಿ ಚಿಪ್ ಇತ್ತು. ಅದರೊಳಗೆ ಮೂರು ಪುಟ್ಟ ಎಂಜಿನ್‌ಗಳಿದ್ದವು. ಬೆಳಕು ಏರಿಸು, ಕಾಯು, ಹಿಂದಕ್ಕೆ ಹೋಗು ಎಂಬಂಥ ಆಜ್ಞೆಗಳ ಪ್ರೋಗ್ರಾಮನ್ನು ಅವಕ್ಕೆ ಕೊಡಬೇಕಿತ್ತು. ಲಿನಕ್ಸ್ ಡ್ರೈವರ್ ಆ ಪ್ರೋಗ್ರಾಮನ್ನು ಹೆಕ್ಸ್ ಅಂಕಿಗಳಲ್ಲಿ ತೆಗೆದುಕೊಂಡು ಹಾಗೇ ಚಿಪ್‌ಗೆ ತುಂಬುತ್ತಿತ್ತು. ಚಿಪ್‌ನ ಪೂರ್ತಿ ಶಕ್ತಿ ಕೈಗೆ ಸಿಗುತ್ತಿತ್ತು, ನಿಜ. ಆದರೆ ಅಪ್ಲಿಕೇಶನ್ ಬರೆಯುವವರು ಚಿಪ್‌ನ ಯಂತ್ರಭಾಷೆಯನ್ನೇ ಕಲಿಯಬೇಕು. ಚಿಪ್ ಬದಲಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಹೊಸ ಡ್ರೈವರ್ ಬರೆಯುವವರು ಈ ದಾರಿ ಹಿಡಿಯಬೇಡಿ.

2018ರಲ್ಲಿ ಪ್ಯಾಟರ್ನ್ ಟ್ರಿಗರ್ ಬಂತು. ಅದು ಎಲ್ಲ ಚಿಪ್‌ಗಳಿಗೂ ಒಂದೇ ಬರವಣಿಗೆ ತಂದಿತು: ಬೆಳಕಿನ ಮಟ್ಟ, ಅವಧಿ, ಮತ್ತೆ ಬೆಳಕಿನ ಮಟ್ಟ, ಅವಧಿ, ಹೀಗೆ ಜೋಡಿಗಳ ಸಾಲು. ಅವಧಿ ಮಿಲಿಸೆಕೆಂಡಿನಲ್ಲಿ. ಒಂದು ಮಟ್ಟದಿಂದ ಮುಂದಿನ ಮಟ್ಟಕ್ಕೆ ಆ ಅವಧಿಯಲ್ಲಿ ಸಮನಾಗಿ ಸಾಗಬೇಕು ಎಂಬುದು ಅರ್ಥ. ಥಟ್ಟನೆ ಬದಲಾಗಬೇಕಿದ್ದರೆ ಸೊನ್ನೆ ಅವಧಿಯ ಜೋಡಿಯೊಂದನ್ನು ನಡುವೆ ಸೇರಿಸಬೇಕು. ಎಷ್ಟು ಸಲ ನಡೆಯಬೇಕು ಎನ್ನುವುದಕ್ಕೆ 'ರಿಪೀಟ್' ಎಂಬ ಇನ್ನೊಂದು ಫೈಲ್ ಇದೆ. ಅಲ್ಲಿ -1 ಬರೆದರೆ ನಿಲ್ಲದೆ ನಡೆಯುತ್ತದೆ.

ಗಮನಿಸಬೇಕಾದ ವಿಷಯ ಇಲ್ಲಿದೆ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್‌ನ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) 'ಪ್ಯಾಟರ್ನ್' ಎಂಬ ಫೈಲೇ ಬೇರೆ, 'ಎಚ್‌ಡಬ್ಲ್ಯೂ_ಪ್ಯಾಟರ್ನ್' ಎಂಬ ಫೈಲೇ ಬೇರೆ. ಮೊದಲನೆಯದು ಸಾಫ್ಟ್‌ವೇರಿಗೆ, ಎರಡನೆಯದು ಹಾರ್ಡ್‌ವೇರಿಗೆ. ಒಂದೇ ಫೈಲ್ ಇಟ್ಟು, ಚಿಪ್‌ಗೆ ಆದರೆ ಚಿಪ್, ಆಗದಿದ್ದರೆ ಸಾಫ್ಟ್‌ವೇರ್ ಎಂದು ಕರ್ನಲ್ಲೇ ತೀರ್ಮಾನ ಮಾಡಬಹುದಿತ್ತಲ್ಲ ಅನ್ನಿಸಬಹುದು. ಯಾಕೆ ಬೇಡ ಎಂಬುದಕ್ಕೆ ಸ್ಪ್ರೆಡ್‌ಟ್ರಮ್ ಕಂಪನಿಯ ಎಸ್‌ಸಿ27ಎಕ್ಸ್‌ಎಕ್ಸ್ ಚಿಪ್ ಒಳ್ಳೆಯ ಉದಾಹರಣೆ. ಅದಕ್ಕೆ ಗೊತ್ತಿರುವುದು ನಾಲ್ಕೇ ಹಂತ: ಏರು, ಮೇಲೆ ನಿಲ್ಲು, ಇಳಿ, ಕೆಳಗೆ ನಿಲ್ಲು. ಈ ಸಾಲು ನೋಡಿ (255 ಅಂದರೆ ಪೂರ್ತಿ ಬೆಳಕು):

0 1000 255 500 0 1000 0 500

ಇದನ್ನು ಎಚ್‌ಡಬ್ಲ್ಯೂ_ಪ್ಯಾಟರ್ನ್‌ಗೆ ಬರೆದರೆ ಆ ಚಿಪ್ ಒಂದು ಸೆಕೆಂಡ್ ಏರುತ್ತದೆ, ಅರ್ಧ ಸೆಕೆಂಡ್ ಬೆಳಗುತ್ತಾ ನಿಲ್ಲುತ್ತದೆ, ಒಂದು ಸೆಕೆಂಡ್ ಇಳಿಯುತ್ತದೆ, ಅರ್ಧ ಸೆಕೆಂಡ್ ಕತ್ತಲೆ. ಇದೇ ಸಾಲನ್ನು ಸಾಫ್ಟ್‌ವೇರ್ ಪ್ಯಾಟರ್ನ್‌ಗೆ ಬರೆದರೆ? ಒಂದು ಸೆಕೆಂಡ್ ಏರಿಕೆ, ಅರ್ಧ ಸೆಕೆಂಡಿನಲ್ಲಿ ಇಳಿಕೆ, ಆಮೇಲೆ ಒಂದೂವರೆ ಸೆಕೆಂಡ್ ಕತ್ತಲೆ. ಸಾಲು ಒಂದೇ, ಒಟ್ಟು ಮೂರು ಸೆಕೆಂಡೂ ಒಂದೇ, ಕಾಣುವ ಬೆಳಕು ಮಾತ್ರ ಬೇರೆ. ಕರ್ನಲ್ ಸುಮ್ನೆ ಇದನ್ನು ಅಲ್ಲಿಂದ ಇಲ್ಲಿಗೆ ಜಾರಿಸಿದರೆ ಬಳಕೆದಾರರಿಗೆ ಯಾಕೆ ಹೀಗಾಯಿತು ಎಂದೇ ತಿಳಿಯುವುದಿಲ್ಲ. ಯಾವುದು ಬೇಕು ಎಂದು ಅವರೇ ಆರಿಸಲಿ ಎಂದು ಬಿಟ್ಟದ್ದು ಸರಿಯಾದ ತೀರ್ಮಾನ ಎಂದೇ ನಾನು ನಂಬುತ್ತೇನೆ.

ನಿಮ್ಮ ಡ್ರೈವರ್‌ನಲ್ಲಿ ಮಾಡಬೇಕಾದದ್ದು ಎರಡು ಫಂಕ್ಷನ್: ಪ್ಯಾಟರ್ನನ್ನು ಚಿಪ್‌ಗೆ ಕೊಡುವ ಪ್ಯಾಟರ್ನ್_ಸೆಟ್ ಮತ್ತು ಅದನ್ನು ನಿಲ್ಲಿಸುವ ಪ್ಯಾಟರ್ನ್_ಕ್ಲಿಯರ್. ಇವನ್ನು ಎಲ್‌ಇಡಿಯ ರಚನೆಗೆ ಸೇರಿಸಿದರೆ, ಪ್ಯಾಟರ್ನ್ ಟ್ರಿಗರ್ ಆರಿಸಿದಾಗ ಎಚ್‌ಡಬ್ಲ್ಯೂ_ಪ್ಯಾಟರ್ನ್ ಫೈಲ್ ತಾನಾಗಿ ಕಾಣಿಸಿಕೊಳ್ಳುತ್ತದೆ. ಪ್ಯಾಟರ್ನ್_ಸೆಟ್ ಇಲ್ಲದ ಡ್ರೈವರ್‌ಗೆ ಆ ಫೈಲೇ ಇರುವುದಿಲ್ಲ. ಚಿಪ್‌ಗೆ ಶಕ್ತಿ ಇದೆಯೋ ಇಲ್ಲವೋ ಎಂದು ಅಪ್ಲಿಕೇಶನ್ ತಿಳಿಯುವುದು ಹಾಗೆ.

ಪ್ಯಾಟರ್ನ್_ಸೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ತಪಾಸಣೆಯದ್ದು. ಇದಕ್ಕೆ ಕ್ವಾಲ್ಕಾಮ್ ಎಲ್‌ಪಿಜಿ (ಲೈಟ್ ಪಲ್ಸ್ ಜನರೇಟರ್) ಡ್ರೈವರ್ ಓದಿ. 2022ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿದ ಡ್ರೈವರ್ ಅದು. ಆ ಹಾರ್ಡ್‌ವೇರ್ ಬೆಳಕಿನ ಮಟ್ಟಗಳನ್ನು ಒಂದು ಕೋಷ್ಟಕದಲ್ಲಿ ಇಟ್ಟುಕೊಂಡು ಒಂದೊಂದಾಗಿ ಓದುತ್ತದೆ. ಮಟ್ಟದಿಂದ ಮಟ್ಟಕ್ಕೆ ಅದು ಜಿಗಿಯುತ್ತದೆ, ನಡುವೆ ಮೆಲ್ಲಗೆ ಸಾಗಲು ಅದಕ್ಕೆ ಬರುವುದಿಲ್ಲ. ಹಾಗಾಗಿ ಪ್ರತಿ ಮಟ್ಟದ ನಂತರ ಸೊನ್ನೆ ಅವಧಿಯ ಜೋಡಿ ಇರಲೇಬೇಕು ಎಂದು ಡ್ರೈವರ್ ಪಟ್ಟು ಹಿಡಿಯುತ್ತದೆ. ಓದುವ ವೇಗವೂ ಒಂದೇ. ಮೊದಲ ಮತ್ತು ಕೊನೆಯ ಮಟ್ಟದಲ್ಲಿ ಮಾತ್ರ ಹೆಚ್ಚು ಹೊತ್ತು ನಿಲ್ಲಬಹುದು. ಒಂದು ಸಲ ಇಲ್ಲವೇ ನಿಲ್ಲದೆ, ಇವೆರಡೇ ಸಾಧ್ಯ. ಐದು ಸಲ ನಡೆಸು ಎಂದರೆ ಎರರ್ ಬರುತ್ತದೆ. ಏರಿದ ಹಾಗೇ ಇಳಿಯುವ ಪ್ಯಾಟರ್ನ್ ಕೊಟ್ಟರೆ ಅರ್ಧವನ್ನಷ್ಟೇ ಕೋಷ್ಟಕದಲ್ಲಿ ಇಟ್ಟು, ಹಿಂದಕ್ಕೆ ಓದಿಸುವ ಜಾಣತನವೂ ಅದರಲ್ಲಿದೆ. ಕೋಷ್ಟಕ ಚಿಕ್ಕದು, ಹಲವು ಚಾನಲ್‌ಗಳು (ಚಿಪ್‌ನ ಬೇರೆಬೇರೆ ಔಟ್‌ಪುಟ್‌ಗಳು) ಹಂಚಿಕೊಳ್ಳಬೇಕು, ಅದಕ್ಕೇ ಈ ಉಳಿತಾಯ. ಕೆಂಪು, ಹಸಿರು, ನೀಲಿ ಮೂರನ್ನೂ ಒಂದೇ ಕ್ಷಣದಲ್ಲಿ ಶುರುಮಾಡುವುದನ್ನೂ ಅದರಿಂದ ಕಲಿಯಿರಿ. ಒಂದು ಚಾನಲ್ ತಡವಾಗಿ ಹೊರಟರೆ ಬಣ್ಣವೇ ಕೆಡುತ್ತದೆ.

ಹಾಗಾದರೆ ಸ್ವಲ್ಪವೂ ಹೊಂದಿಸಿಕೊಳ್ಳಬಾರದೇ? ಅವಧಿಯಲ್ಲಿ ಹೊಂದಿಸಬಹುದು. ಎಸ್‌ಸಿ27ಎಕ್ಸ್‌ಎಕ್ಸ್ ಚಿಪ್‌ನ ಕಾಲದ ಹೆಜ್ಜೆ 125 ಮಿಲಿಸೆಕೆಂಡ್. 200 ಕೇಳಿದರೆ ಡ್ರೈವರ್ 250 ಮಾಡುತ್ತದೆ. ಆದರೆ ಬದಲಿಸಿದ ಅಂಕಿಯನ್ನು ಕೊಟ್ಟ ಪಟ್ಟಿಯಲ್ಲೇ ತಿದ್ದಿ ಇಡುತ್ತದೆ. ಎಲ್‌ಇಡಿ ಮಿಣುಕಿಸುವ ಹಳೆಯ ಬ್ಲಿಂಕ್_ಸೆಟ್ ಫಂಕ್ಷನ್ನಿನಲ್ಲೂ ಇದೇ ರೂಢಿ: ನಿಜವಾಗಿ ನಡೆಯುವ ಅವಧಿ ಎಷ್ಟು ಎಂದು ಡ್ರೈವರ್ ತಿರುಗಿ ಹೇಳಬೇಕು. ಆದರೆ ಪ್ಯಾಟರ್ನಿನ ಆಕಾರವನ್ನು ಹೀಗೆ ಬದಲಿಸಬೇಡಿ. ನಾಲ್ಕು ಹಂತದ ಚಿಪ್‌ಗೆ ಆರು ಹಂತ ಕೊಟ್ಟರೆ ಎರಡನ್ನು ಕೈಬಿಟ್ಟು ನಡೆಸುವುದು ಸಹಾಯ ಅಲ್ಲ. ಎರರ್ ಕೊಡಿ. ಅಪ್ಲಿಕೇಶನ್ ಬೇರೆ ಪ್ಯಾಟರ್ನ್ ಕೊಡಬಹುದು, ಇಲ್ಲವೇ ಸಾಫ್ಟ್‌ವೇರ್ ಫೈಲಿಗೆ ಹೋಗಬಹುದು.

ನಿಮ್ಮ ಚಿಪ್‌ನ ಉಳಿದ ಚಾನಲ್‌ಗಳಲ್ಲಿ ಫ್ಯಾನ್ ಅಥವಾ ಬ್ಯಾಕ್‌ಲೈಟ್ ಇದ್ದರೆ ಅದೇ ಡ್ರೈವರ್ ಪಿಡಬ್ಲ್ಯೂಎಂ ಚಿಪ್ ಆಗಿಯೂ ನೋಂದಣಿ ಮಾಡಿಕೊಳ್ಳಬಹುದು. ಎಲ್‌ಪಿಜಿ ಮಾಡುವುದು ಹಾಗೆಯೇ. ಎಲ್‌ಇಡಿ ಹಿಡಿದಿರುವ ಚಾನಲನ್ನು ಪಿಡಬ್ಲ್ಯೂಎಂ ಆಗಿ ಕೇಳಿದರೆ ಅದು ಬಿಡುವಿಲ್ಲ ಎನ್ನುತ್ತದೆ.

ಪ್ಯಾಟರ್ನ್_ಕ್ಲಿಯರ್ ಬರೆಯುವಾಗ ಒಂದು ಎಚ್ಚರ. ಚಿಪ್ ಸಿಪಿಯುವಿನ ಹಂಗಿಲ್ಲದೆ ಓಡುವುದರಿಂದ, ನೀವು ನಿಲ್ಲಿಸದಿದ್ದರೆ ಅದು ನಿಲ್ಲುವುದಿಲ್ಲ. ಡ್ರೈವರ್ ತೆಗೆದರೂ ದೀಪ ಮಿನುಗುತ್ತಲೇ ಇರಬಹುದು. ಪವರ್ ಹೋಗದೆ ರೀಬೂಟ್ ಆದರೂ ಹಾಗೇ ಆಗಬಹುದು. ಆದ್ದರಿಂದ ಪ್ರೋಬ್ ಆಗುವಾಗಲೇ, ಅಂದರೆ ಡ್ರೈವರ್ ಚಿಪ್ಪನ್ನು ಮೊದಲು ಕೈಗೆತ್ತಿಕೊಳ್ಳುವಾಗಲೇ, ಪ್ಯಾಟರ್ನ್ ರಿಜಿಸ್ಟರ್‌ಗಳನ್ನು (ಚಿಪ್‌ನೊಳಗೆ ಸೆಟ್ಟಿಂಗ್ ಇಡುವ ಜಾಗಗಳನ್ನು) ನಿಮಗೆ ಗೊತ್ತಿರುವ ಸ್ಥಿತಿಗೆ ತನ್ನಿ. ಆಮೇಲೆ ಪ್ಯಾಟರ್ನ್ ಚಾಲೂ ಮಾಡಿ ಬೋರ್ಡನ್ನು ಸಸ್ಪೆಂಡ್‌ಗೆ ಕಳಿಸಿ ನೋಡಿ. ದೀಪ ನಿಂತುಹೋದರೆ ಮೊದಲು ಆ ಚಿಪ್‌ನ ರೆಗ್ಯುಲೇಟರ್ (ವಿದ್ಯುತ್ ಪೂರೈಕೆ) ಮತ್ತು ಕ್ಲಾಕ್ ಸಸ್ಪೆಂಡ್‌ನಲ್ಲೂ ಉಳಿಯುತ್ತವೆಯೇ ಎಂದು ಪರೀಕ್ಷಿಸಿ.