‘ಬ್ಯಾರಿ ಲಿಂಡನ್’ನ ಮೇಣದಬತ್ತಿ ದೃಶ್ಯಗಳು: ಎಫ್/0.7 ಲೆಕ್ಕ ಬಿಡಿಸಿಟ್ಟ ಟಿಪ್ಪಣಿ

ಹದಿನೆಂಟನೇ ಶತಮಾನದ ಕಥೆಯ ಸಿನಿಮಾ ಅಂದ ತಕ್ಷಣ ಮಾತು ವಿಗ್ಗು, ಲೇಸು, ಸಾರೋಟುಗಳ ಕಡೆಗೇ ಹೋಗುತ್ತದೆ. ನನ್ನ ಪ್ರಕಾರ ಆ ಕಾಲವನ್ನು ತೆರೆಗೆ ತರುವಾಗ ಎಲ್ಲಕ್ಕಿಂತ ಕಷ್ಟದ್ದು ರಾತ್ರಿ. ಕರೆಂಟೇ ಇಲ್ಲದ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಎದುರಿಗೆ ಕೂತವರ ಮುಖ ಹೇಗೆ ಕಾಣುತ್ತಿತ್ತು? ಎಷ್ಟೋ ಚಿತ್ರಗಳಲ್ಲಿ ಮೇಣದಬತ್ತಿ ಇರುವುದು ಅಲಂಕಾರಕ್ಕೆ. ಮುಖದ ಮೇಲೆ ಬೀಳುವ ಬೆಳಕು ಫ್ರೇಮಿನ ಆಚೆ ಕಟ್ಟಿದ ಲೈಟಿನದು. ಸ್ಟ್ಯಾನ್ಲಿ ಕೂಬ್ರಿಕ್ 1975ರ ‘ಬ್ಯಾರಿ ಲಿಂಡನ್’ನ ರಾತ್ರಿ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಲ್ಲೇ ತೆಗೆದರು. ಅದು ಹೇಗೆ ಸಾಧ್ಯವಾಯಿತು ಅನ್ನುವುದನ್ನು ನನಗೆ ಅರ್ಥವಾದಷ್ಟು ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಛಾಯಾಗ್ರಹಣ ಕಲಿಯುತ್ತಿರುವವರು ಪೆನ್ನು ಹಿಡಿದು ಓದಿ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಥ್ಯಾಕರೆ 1844ರಲ್ಲಿ ಬರೆದ ಕಾದಂಬರಿ ಇದರ ಮೂಲ. ಐರ್ಲೆಂಡಿನ ಹುಡುಗನೊಬ್ಬ ಏಳು ವರ್ಷಗಳ ಯುದ್ಧದಲ್ಲಿ (1756–63) ಸಿಪಾಯಿಯಾಗಿ, ಆಮೇಲೆ ಜೂಜುಗಾರನಾಗಿ, ಕೊನೆಗೆ ಸಿರಿವಂತ ವಿಧವೆಯನ್ನು ಮದುವೆಯಾಗಿ ಮೇಲೇರುತ್ತಾನೆ, ಬೀಳುತ್ತಾನೆ. ಛಾಯಾಗ್ರಾಹಕ ಜಾನ್ ಆಲ್ಕಾಟ್. ಅವರಿಗೆ ಇದೇ ಕೆಲಸಕ್ಕೆ ಆಸ್ಕರ್ ಬಂತು.

ಲೆನ್ಸ್

ಝೈಸ್ ಕಂಪನಿಯ ಪ್ಲಾನಾರ್ 50 ಮಿ.ಮೀ., ಎಫ್/0.7. ಇಂಥವು ತಯಾರಾದದ್ದೇ ಹತ್ತು. ಆರು ನಾಸಾಗೆ ಹೋದವು, ಮೂರನ್ನು ಕೂಬ್ರಿಕ್ ಕೊಂಡರು, ಒಂದು ಝೈಸ್‌ನಲ್ಲೇ ಉಳಿಯಿತು. ಇದರ ಹಿಂಬದಿಯ ಗಾಜು ಫಿಲ್ಮಿಗೆ ತೀರಾ ಹತ್ತಿರ ಕೂರಬೇಕು. ಮಾಮೂಲಿ ಸಿನಿಮಾ ಕ್ಯಾಮೆರಾದಲ್ಲಿ ಅಷ್ಟು ಜಾಗವಿಲ್ಲ. ಕ್ಯಾಮೆರಾ ತಂತ್ರಜ್ಞ ಎಡ್ ಡಿಜೂಲಿಯೊ ಒಂದು ಮಿಚೆಲ್ ಬಿಎನ್‌ಸಿ ಕ್ಯಾಮೆರಾದ ಒಳಭಾಗವನ್ನೇ ಕೊರೆದು ಇದಕ್ಕೆ ಹೊಂದಿಸಿಕೊಟ್ಟರು. ಆಮೇಲೆ ಆ ಕ್ಯಾಮೆರಾಗೆ ಬೇರೆ ಲೆನ್ಸ್ ಕೂರುವಂತಿರಲಿಲ್ಲ.

0.7 ಅಂದರೆ ಎಷ್ಟು ಬೆಳಕು? ಇಲ್ಲಿ ನಿಧಾನವಾಗಿ ಬನ್ನಿ

ಪುಸ್ತಕಗಳು ಇದನ್ನು ಎರಡೇ ಸಾಲಿನಲ್ಲಿ ದಾಟಿಬಿಡುತ್ತವೆ. ಆದರೆ ತೊಡಕು ಇರುವುದೇ ಇಲ್ಲಿ.

ಎಫ್ ಸಂಖ್ಯೆ ಅಂದರೆ ಲೆನ್ಸಿನ ಫೋಕಲ್ ಲೆಂತನ್ನು (ಲೆನ್ಸಿನ ಹೆಸರಿನ ಜೊತೆ ಬರುವ 50 ಮಿ.ಮೀ. ಅದೇ) ಬೆಳಕು ಒಳಬರುವ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ಅದನ್ನು ತಿರುಗಿಸಿ: 50 ಭಾಗಿಸು 0.7 ಅಂದರೆ ಸುಮಾರು 71 ಮಿ.ಮೀ. ವ್ಯಾಸದ ಕಿಂಡಿ. ಅದೇ 50 ಮಿ.ಮೀ. ಲೆನ್ಸ್ ಎಫ್/1.4 ಆಗಿದ್ದರೆ ಕಿಂಡಿ 36 ಮಿ.ಮೀ.; ಎಫ್/2.8 ಆಗಿದ್ದರೆ 18 ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇಲ್ಲಿಯವರೆಗೆ ಸಲೀಸು.

ಈಗ ಮುಖ್ಯ ಹೆಜ್ಜೆ. ಎಫ್/1.4ಕ್ಕಿಂತ ಎಫ್/0.7 ಎಷ್ಟು ಪಟ್ಟು ಹೆಚ್ಚು ಬೆಳಕು ಬಿಡುತ್ತದೆ? ಎರಡು ಪಟ್ಟು ಅಂತ ಬಾಯಿಗೆ ಬರುತ್ತದೆ. ಉತ್ತರ ನಾಲ್ಕು ಪಟ್ಟು. ಬೆಳಕು ನುಗ್ಗುವುದು ಕಿಂಡಿಯ ಪೂರ್ತಿ ವಿಸ್ತೀರ್ಣದ ಮೂಲಕ. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ಎರಡರ ವರ್ಗ, ಅಂದರೆ ನಾಲ್ಕು ಪಟ್ಟು. ಎಫ್/2.8ರ ಜೊತೆ ಹೋಲಿಸಿದರೆ ವ್ಯಾಸ ನಾಲ್ಕು ಪಟ್ಟು, ಬೆಳಕು ಹದಿನಾರು ಪಟ್ಟು. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟಾಗುವುದು. 2, 4, 8, 16: ಒಟ್ಟು ನಾಲ್ಕು ಸ್ಟಾಪ್.

ನಾನು ಇಟ್ಟುಕೊಂಡ ಅಡ್ಡದಾರಿ ಇದು. 1 ಮತ್ತು 1.4, ಈ ಎರಡನ್ನೇ ನೆನಪಿಡಿ. ಒಂದು ಬಿಟ್ಟು ಒಂದನ್ನು ದುಪ್ಪಟ್ಟು ಮಾಡುತ್ತ ಹೋಗಿ: 1, 1.4, 2, 2.8, 4, 5.6, 8. ಕೆಳಗಿಳಿಯುವಾಗ ಅರ್ಧ ಮಾಡಿ: 1.4ರ ಅರ್ಧ 0.7. ಸಾಲಿನಲ್ಲಿ ಒಂದು ಮನೆ ದಾಟಿದರೆ ಒಂದು ಸ್ಟಾಪ್. ಬಾಯಿಪಾಠದ ಗೊಡವೆಯೇ ಇಲ್ಲ.

ಎಷ್ಟು ಬತ್ತಿ ಬೇಕು?

ಇದು ನನಗೆ ತುಂಬಾ ಇಷ್ಟವಾದ ಭಾಗ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ; ಫಿಲ್ಮಿನ ವೇಗ ಅಂದರೆ ಅದು ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಸಂಖ್ಯೆ. ಬೇಕಾದ ಬೆಳಕು ಲಕ್ಸ್‌ನಲ್ಲಿ = 250 × ಎಫ್ ಸಂಖ್ಯೆಯ ವರ್ಗ ÷ (ಶಟರ್ ಸಮಯ × ಫಿಲ್ಮಿನ ವೇಗ). ಬೆಳಕು ಅಳೆಯುವ ಮೀಟರ್ ನೋಡಿಕೊಂಡು 250 ಸ್ವಲ್ಪ ಆಚೀಚೆ ಆಗಬಹುದು, ಅಂದಾಜಿಗೆ ಇದು ಸಾಕು.

ಸೆಕೆಂಡಿಗೆ 24 ಫ್ರೇಮ್, ಪ್ರತಿ ಫ್ರೇಮಿನ ಅರ್ಧ ಹೊತ್ತು ಶಟರ್ ತೆರೆದಿರುತ್ತದೆ; ಅಂದರೆ ಶಟರ್ 1/48 ಸೆಕೆಂಡ್ ಅಂತ ಹಿಡಿಯಿರಿ. ಫಿಲ್ಮ್ 100 ವೇಗದ್ದು; ಲ್ಯಾಬಿನಲ್ಲಿ ಒಂದು ಸ್ಟಾಪ್ ಪುಷ್ ಮಾಡಿ (ಅಂದರೆ ಮಾಮೂಲಿಗಿಂತ ಹೆಚ್ಚು ಡೆವಲಪ್ ಮಾಡಿ) 200ರ ಹಾಗೆ ಬಳಸಿದರು. 0.7ರ ವರ್ಗ 0.49. ಆಗ 250 × 0.49 × 48 ÷ 200 = 29.4. ಸುಮಾರು 30 ಲಕ್ಸ್. ಆಲ್ಕಾಟ್ ಹೇಳಿದ ಅಳತೆ ಸುಮಾರು ಮೂರು ಫುಟ್‌ಕ್ಯಾಂಡಲ್ (ಬೆಳಕಿನ ಇನ್ನೊಂದು ಅಳತೆ), ಅಂದರೆ 32 ಲಕ್ಸ್. ಕಾಗದದ ಮೇಲಿನ ಲೆಕ್ಕ ಸೆಟ್ಟಿನ ಅಳತೆಗೆ ಇಷ್ಟು ಹತ್ತಿರ ಬಂದದ್ದು ನೋಡಿ ನನಗೆ ಬಹಳ ಖುಷಿಯಾಯಿತು.

ಒಂದು ಮೇಣದಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವುದು ಹೆಚ್ಚುಕಡಿಮೆ 1 ಲಕ್ಸ್. ಅಂದರೆ ಒಂದು ಮೀಟರ್ ದೂರದಲ್ಲಿ 30 ಬತ್ತಿ. ದೂರ ಎರಡು ಮೀಟರ್ ಆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಬತ್ತಿ 120 ಬೇಕು. ಇದೇ ಎಫ್/2.8 ಲೆನ್ಸ್ ಆಗಿದ್ದರೆ ಒಂದು ಮೀಟರಿಗೇ 470! ಒಂದೊಂದರಲ್ಲೂ ಮೂರು ಎಳೆ ಇರುವ ಮೇಣದಬತ್ತಿ ಬಳಸಿದ್ದು, ತೂಗುದೀಪಗಳ ಮೇಲೆ ಪ್ರತಿಫಲಕ ಕಟ್ಟಿದ್ದು ಇದಕ್ಕೇ. ಆ ಪ್ರತಿಫಲಕ ಬೆಳಕನ್ನು ಕೆಳಕ್ಕೆ ತಳ್ಳುವುದರ ಜೊತೆಗೆ ಹಳೆಯ ಬಂಗಲೆಗಳ ಚಾವಣಿಯನ್ನು ಬಿಸಿಯಿಂದ ಕಾಪಾಡುತ್ತಿತ್ತು.

ಬೆಂಕಿಯ ವಿಷಯವನ್ನು ನಾವು, ಮುಖ್ಯವಾಗಿ ಮೈಸೂರಿನ ಕಡೆಯವರು, ಹಗುರವಾಗಿ ದಾಟುವಂತಿಲ್ಲ. ಅದೇ ಶತಮಾನದ ಕಥೆಯ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ, 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ಮೇಣದಬತ್ತಿ ದೃಶ್ಯ ತೆಗೆಯುವ ಯೋಚನೆ ಇದ್ದರೆ ಲೆನ್ಸಿಗಿಂತ ಮೊದಲು ಹೊರಗೆ ಹೋಗುವ ದಾರಿ ಮತ್ತು ಬೆಂಕಿ ಆರಿಸುವ ಸಾಮಾನು ನೋಡಿಕೊಳ್ಳಿ.

ಫೋಕಸ್

ಕಿಂಡಿ ದೊಡ್ಡದಾದಷ್ಟೂ ಫೋಕಸ್ಸಿನ ಆಳ ಕಡಿಮೆ. ನಟ ಎರಡು ಮೀಟರ್ ದೂರದಲ್ಲಿದ್ದರೆ ಈ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಆಳ, ನಾನು ಹಾಕಿದ ಲೆಕ್ಕದಲ್ಲಿ, ಸುಮಾರು 5.6 ಸೆಂ.ಮೀ. ಅಷ್ಟೆ. ಕಣ್ಣು ಸರಿಯಾಗಿ ಬಂದರೆ ಕಿವಿ ಮಸುಕು. ನಟ ಒಂದಿಷ್ಟು ಮುಂದೆ ಬಾಗಿದರೂ ಶಾಟ್ ಹೋಯಿತು. ಅದಕ್ಕಾಗಿ ಪಕ್ಕದಲ್ಲಿ, ಲಂಬಕೋನದಲ್ಲಿ, ಒಂದು ವಿಡಿಯೊ ಕ್ಯಾಮೆರಾ ಇಟ್ಟು, ಅದರ ಪರದೆಯಲ್ಲಿ ನಟ ಎಷ್ಟು ಸರಿದ ಅಂತ ನೋಡುತ್ತ ಫೋಕಸ್ ತಿರುಗಿಸುತ್ತಿದ್ದರು.

ಇಸ್ಪೀಟು ಮೇಜಿನ ದೃಶ್ಯ ಇನ್ನೊಮ್ಮೆ ನೋಡಿ. ರಯಾನ್ ಓನೀಲ್ ಮತ್ತು ಮರೀಸಾ ಬೆರೆನ್ಸನ್ ಮಾತೇ ಇಲ್ಲದೆ ಒಬ್ಬರನ್ನೊಬ್ಬರು ನೋಡುತ್ತಾರೆ. ತಲೆ ಅಲುಗುವುದಿಲ್ಲ, ಕಣ್ಣಷ್ಟೇ ಸರಿಯುತ್ತದೆ. ಎಲ್ಲರೂ ‘ಪೇಂಟಿಂಗ್ ಇದ್ದ ಹಾಗಿದೆ’ ಅನ್ನುವ ಆ ನಿಶ್ಚಲತೆಯಲ್ಲಿ ಈ ಐದೂವರೆ ಸೆಂಟಿಮೀಟರಿನ ಪಾಲು ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಉಳಿದದ್ದು ಚುಟುಕಾಗಿ

ಇಡೀ ಚಿತ್ರ ಸಹಜ ಬೆಳಕಿನದು ಅನ್ನುವ ಮಾತು ಸರಿಯಲ್ಲ. ಹಗಲಿನ ಒಳಾಂಗಣಕ್ಕೆ ಕಿಟಕಿಯ ಹೊರಗೆ ದೊಡ್ಡ ಲೈಟುಗಳನ್ನಿಟ್ಟು, ಗಾಜಿಗೆ ಟ್ರೇಸಿಂಗ್ ಪೇಪರ್ ಹಚ್ಚಿ ಬೆಳಕು ಬಿಟ್ಟಿದ್ದಾರೆ. ಉಡುಪು ಮಿಲೇನಾ ಕ್ಯಾನೊನೆರೊ ಮತ್ತು ಉಲ್ಲಾ-ಬ್ರಿಟ್ ಸೋಡರ್‌ಲುಂಡ್ ಅವರದು, ಅದಕ್ಕೂ ಆಸ್ಕರ್. ಸಂಗೀತದಲ್ಲಿ ಹ್ಯಾಂಡೆಲ್ ಕಾಲಕ್ಕೆ ಹೊಂದುತ್ತಾನೆ. ಶೂಬರ್ಟ್‌ನ ಪಿಯಾನೊ ಟ್ರಿಯೊ ಮಾತ್ರ 1827ರದು.

ಅಭ್ಯಾಸ: ನಿಮ್ಮ ಹತ್ತಿರ 50 ಮಿ.ಮೀ. ಎಫ್/1.8 ಲೆನ್ಸ್ ಇದ್ದರೆ, ಐಎಸ್‌ಒ (ಫಿಲ್ಮಿನ ವೇಗದ ಜಾಗದಲ್ಲಿ ಹಾಕಬೇಕಾದ ಸಂಖ್ಯೆ) 3200ರಲ್ಲಿ, ಶಟರ್ ಅದೇ 1/48 ಇಟ್ಟರೆ, ಬೇಕಾಗುವುದು ಸುಮಾರು 12 ಲಕ್ಸ್. ಅಂದರೆ ಒಂದು ಮೀಟರಿಗೆ ಹನ್ನೆರಡು ಬತ್ತಿ, ಎರಡು ಮೀಟರಿಗೆ ನಲವತ್ತೆಂಟು. ಎಫ್/2.8, ಐಎಸ್‌ಒ 1600ಕ್ಕೆ ಎಷ್ಟು ಅಂತ ನೀವೇ ಹಾಕಿ ನೋಡಿ. 59ರ ಹತ್ತಿರ ಬರಬೇಕು.